ಎರೆಮಣ್ಣಿನ ಊರಲ್ಲಿ ಕರಿಬೇವು ಹಚ್ಚುವವರಿಗೆ

ಕಲಬುರಗಿ ಬಿಸಿಲಿಗೆ ಕರಿಬೇವು ಬದುಕಲ್ಲ ಅನ್ನುವ ಮಾತು ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನು ಒಪ್ಪುವುದಿಲ್ಲ. ನಮ್ಮ ಖಾನಾವಳಿಯ ಹಿತ್ತಲಲ್ಲಿ ನಾಲ್ಕು ಗಿಡಗಳಿವೆ. ಬೇಳೆ ಸಾರಿಗೆ, ಸೂಸಲಕ್ಕೆ, ಹಿಂಡಿಗೆ ಬೇಕಾದಷ್ಟು ಎಲೆ ಅವೇ ಕೊಡುತ್ತವೆ. ಮೇ ತಿಂಗಳ 43, 44 ಡಿಗ್ರಿ ಬಿಸಿಲಲ್ಲಿ ಸ್ವಲ್ಪ ಬಾಡುತ್ತವೆ, ಜೂನಿನ ಮಿರಗದ (ಮೃಗಶಿರಾ) ಮಳೆ ಬಿದ್ದ ವಾರದೊಳಗೆ ಮತ್ತೆ ಚಿಗುರುತ್ತವೆ. ಈ ಊರಲ್ಲಿ ಕರಿಬೇವಿಗೆ ಜಾಸ್ತಿ ಕಾಟ ಕೊಡುವುದು ಸುಣ್ಣ. ಮಣ್ಣಿನಲ್ಲೂ ಇದೆ, ಬೋರಿನ ನೀರಿನಲ್ಲೂ ಇದೆ.

ಸುಣ್ಣ ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗಬೇಕಿಲ್ಲ. ಮನೆಗೆ ಹಾಸಿದ ಶಹಾಬಾದ್ ಫರ್ಸಿಯೇ ಸುಣ್ಣದ ಕಲ್ಲು. ಸೇಡಂ, ವಾಡಿ ಕಡೆ ಅಷ್ಟೊಂದು ಸಿಮೆಂಟ್ ಕಾರ್ಖಾನೆ ನಿಂತಿರುವುದೂ ಅದೇ ಕಲ್ಲಿನ ಆಸೆಗೆ. ಅದರೊಳಗಿಂದ ಬರುವ ಬೋರಿನ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ, ನೋಡಿರುತ್ತೀರಿ. ಆ ನೀರನ್ನೇ ದಿನಾ ಕುಂಡಕ್ಕೆ ಹಾಕಿದರೆ ಮಣ್ಣಿನ ಮೇಲೂ ಅದೇ ಪದರ ಬರುತ್ತದೆ. ಸುಣ್ಣ ಜಾಸ್ತಿಯಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗುವುದು ಹಾಗೆ.

ಈ ಗಿಡದ ಮೂಲ ಜಾಗ ಕಾಡು. ಪಶ್ಚಿಮಘಟ್ಟದ ಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ಪೊದೆಯಾಗಿ ಬೆಳೆಯುತ್ತದೆ. ಹಿಮಾಲಯದ ತಪ್ಪಲಲ್ಲೂ ಇದೆ. ನಮ್ಮಲ್ಲಿ ಊಟಕ್ಕೆ ಬರುವ ಶಿರಸಿ ಕಡೆಯ ಮೇಷ್ಟ್ರು ಒಬ್ಬರು, "ಅದಕ್ಕೆಲ್ಲ ನೀರು ಹಾಕ್ತಾರೇನ್ರೀ ಅಕ್ಕಾ? ನಮ್ಮಲ್ಲಿ ಬೆಟ್ಟದ ತುಂಬ ತಾನೇ ಹುಟ್ಟತ್ತೆ" ಎಂದು ನಗುತ್ತಾರೆ. ನಗಲಿ. ಅವರ ಬೆಟ್ಟದಲ್ಲಿ ನೀರು ಇಳಿದು ಹೋಗುವ ಇಳಿಜಾರಿದೆ, ಕೊಳೆತ ತರಗೆಲೆ ಇದೆ, ಸ್ವಲ್ಪ ಹುಳಿಯಾದ ಕೆಂಪು ಮಣ್ಣಿದೆ. ನಮ್ಮಲ್ಲಿ ಈ ಮೂರೂ ಇಲ್ಲ. ಕಲಬುರಗಿಯಲ್ಲಿ ಕರಿಬೇವು ಹಚ್ಚುವುದು ಅಂದರೆ ಈ ಮೂರನ್ನು ಗಿಡದ ಬುಡಕ್ಕೆ ಮಾಡಿಕೊಡುವುದು.

ಬೀದರ್‌ನವರಿಗೆ ಇಷ್ಟು ಕಷ್ಟ ಇಲ್ಲ. ನನ್ನ ತವರು ಅಲ್ಲೇ. ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆಯ ಮೇಲೆ. ಕಬ್ಬಿಣ ಬೇಕಾದಷ್ಟಿದೆ, ನೀರೂ ಬಸಿದು ಹೋಗುತ್ತದೆ. ನಮ್ಮವ್ವ ಬಚ್ಚಲ ನೀರು ಹರಿಯುವ ಕಡೆ ಹಚ್ಚಿ ಮರೆತ ಗಿಡ ಮಾಳಿಗೆ ಮುಟ್ಟಿತ್ತು. ಯಾದಗಿರಿ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಇದೆ, ಎರೆಯೂ ಇದೆ. ಹಾಗಾಗಿ ಊರು ಯಾವುದು ಅನ್ನುವುದಕ್ಕಿಂತ ನಿಮ್ಮ ಹಿತ್ತಲ ಮಣ್ಣು ಯಾವುದು ಅಂತ ನೋಡಿ.

ನೋಡುವುದು ಸುಲಭ. ಹಿತ್ತಲಿನ ಒಣ ಮಣ್ಣು ಒಂದು ಹಿಡಿ ತೆಗೆದು ಪ್ಲೇಟಿನಲ್ಲಿ ಹರಡಿ. ಅಂಗಡಿಯಲ್ಲಿ ಸಿಗುವ ವಿನಿಗರ್ ನಾಲ್ಕು ಹನಿ ಹಾಕಿ, ಕಿವಿ ಹತ್ತಿರ ತನ್ನಿ. ಸಣ್ಣಗೆ ಸುರ್ ಅಂದು ನೊರೆ ಬಂದರೆ ಸುಣ್ಣ ಇದೆ ಎಂದೇ ಅರ್ಥ. ಎರೆಮಣ್ಣಲ್ಲಿ ಬೆರಳಿಗೆ ಸಿಗುವ ಬಿಳಿ ಹರಳುಗಳ ಮೇಲೂ ಹಾಕಿ ನೋಡಿ, ಇನ್ನೂ ಜೋರಾಗಿ ಉಕ್ಕುತ್ತದೆ. ಆಮೇಲೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ. ಮೊದಲ ಸಲ ಬೇಗ ಇಂಗಿದರೆ ಮೋಸ ಹೋಗಬೇಡಿ, ಒಣಗಿದ ಎರೆಯ ಬಿರುಕುಗಳು ನೀರು ಕುಡಿಯುತ್ತವೆ. ಎರಡನೇ ಸಲ ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ನೆಲದಲ್ಲಿ ಹಚ್ಚಬೇಡಿ. ಹೊಸ ಲೇಔಟಿನ ಪ್ಲಾಟಿನವರು ಇನ್ನೊಂದು ನೋಡಬೇಕು. ಮನೆ ಕಟ್ಟಿದಾಗ ಉಳಿದ ಸಿಮೆಂಟು, ಪ್ಲಾಸ್ಟರ್ ಚೂರು ಎಲ್ಲ ಹಿತ್ತಲಲ್ಲೇ ಹೂತಿರುತ್ತಾರೆ. ಅದೂ ಸುಣ್ಣವೇ.

ಸಸಿ ತರುವಾಗ ಎಲೆ ಜಜ್ಜಿ ಮೂಸಿಯೇ ತನ್ನಿ. ಘಮ ಬರದಿದ್ದರೆ ವಾಪಸ್ ಇಡಿ. ಹೂವಿಗೆ, ಬೇಲಿಗೆ ಹಚ್ಚುವ ಕಾಮಿನಿ ಗಿಡವನ್ನು ಕರಿಬೇವು ಅಂತ ಮಾರುವವರು ಇದ್ದಾರೆ. ಎರಡೂ ಒಂದೇ ಬಳಗದವು, ಎಲೆ ದೂರದಿಂದ ಒಂದೇ ಥರ ಕಾಣುತ್ತದೆ, ಒಗ್ಗರಣೆಗೆ ಮಾತ್ರ ಉಪಯೋಗವಿಲ್ಲ. ಕರಿಬೇವಿನ ಒಂದು ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ. ಮೈತುಂಬ ಸೂಜಿಮೊನೆಯಷ್ಟು ಸಣ್ಣ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆಯ ಚೀಲಗಳು, ಘಮ ಇರುವುದು ಅಲ್ಲೇ. ನಿಂಬೆ ಎಲೆಯಲ್ಲೂ ಹೀಗೇ ಇರುತ್ತವೆ, ಯಾಕೆಂದರೆ ಕರಿಬೇವು ನಿಂಬೆಯ ಕುಟುಂಬದ್ದೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ಡಿಡಬ್ಲ್ಯೂಡಿ-1, ಡಿಡಬ್ಲ್ಯೂಡಿ-2 ಎಂಬ ತಳಿಗಳಿವೆ. ಒಂದನೆಯದರಲ್ಲಿ ಘಮ ಜಾಸ್ತಿ, ಆದರೆ ಚಳಿಗೆ ಚಿಗುರು ನಿಲ್ಲಿಸುತ್ತದೆ. ಎರಡನೆಯದು ಚಳಿ ತಡೆಯುತ್ತದೆ. ಹೋಟೆಲು, ಖಾನಾವಳಿಯವರಿಗೆ ಎರಡೂ ಇರಲಿ. ಮನೆಗಾದರೆ ಸಿಕ್ಕಿದ್ದು ಸಾಕು, ಘಮ ಇದ್ದರೆ ಆಯಿತು.

ಹಚ್ಚುವ ಕಾಲ ಮಿರಗದಿಂದ ಆರಿದ್ರಾ ಮಳೆಯವರೆಗೆ. ಯುಗಾದಿಗೆ ಹೊಸ ಗಿಡ ಹಚ್ಚುವುದು ನೋಡಲು ಚೆಂದ, ಆದರೆ ಮುಂದೆ ಎರಡು ತಿಂಗಳು ಆ ಎಳೆ ಬೇರು ಸುಡುವ ನೆಲದಲ್ಲಿ ಕೂರಬೇಕು.

ಎರೆಮಣ್ಣಿನಲ್ಲಿ ಗುಂಡಿ ತೋಡಿ ಕೆಂಪು ಮಣ್ಣು ತುಂಬಿದರೆ ಸಾಕು ಎನ್ನುತ್ತಾರೆ. ಸಾಲದು. ಸುತ್ತಲಿನ ಎರೆ ನೀರು ಬಿಡುವುದಿಲ್ಲ, ಮಳೆಗಾಲದಲ್ಲಿ ಆ ಗುಂಡಿ ತಳ ಒಡೆಯದ ಕೊಡದಂತೆ ತುಂಬಿ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಆದ್ದರಿಂದ ನೆಲದ ಮೇಲೆ ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲದ ಕಟ್ಟೆ ಮಾಡಿ. ಸುತ್ತ ಇಟ್ಟಿಗೆ ಸಾಕು, ಸಿಮೆಂಟ್ ಹಚ್ಚಬೇಡಿ. ಒಳಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು ಅಥವಾ ಗರಸು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ. ತಂಗಿ ಬೀದರ್‌ನಿಂದ ಬರುವಾಗ ನನಗೆ ಸೀರೆಗಿಂತ ಎರಡು ಚೀಲ ಕೆಂಪು ಮಣ್ಣು ತಂದರೆ ಖುಷಿ. ಒಂದಕ್ಕಿಂತ ಜಾಸ್ತಿ ಗಿಡ ಇದ್ದರೆ ನಡುವೆ ನಾಲ್ಕು ಅಡಿ ಬಿಡಿ.

ಮಾಳಿಗೆ ಮೇಲೆ ಬೆಳೆಸುವವರಿಗೂ ಇದೇ ಮಣ್ಣು. ಕುಂಡ ಹದಿನಾರು ಇಂಚಿಗಿಂತ ಸಣ್ಣದು ಬೇಡ, ಕೆಳಗೆ ತೂತು ಇರಲೇಬೇಕು. ಕರಿ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಅದೇ ಇದ್ದರೆ ಹೊರಗೆ ಗೋಣಿ ಚೀಲ ಸುತ್ತಿ, ಅಪ್ಪನ (ಶರಣಬಸವೇಶ್ವರರ) ಜಾತ್ರೆ ಮುಗಿದು ಬಿಸಿಲು ಏರಿದ ಮೇಲೆ ದಿನಾ ಅದನ್ನು ನೆನೆಸಿ. ಕುಂಡವನ್ನು ಫರ್ಸಿಯ ಮೇಲೆ ನೇರ ಇಡದೆ ಕೆಳಗೆ ಎರಡು ಇಟ್ಟಿಗೆ ಕೊಡಿ. ಗೋಡೆಯ ಪೂರ್ವದ ಬದಿ ಎಲ್ಲಕ್ಕಿಂತ ಒಳ್ಳೆಯ ಜಾಗ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ನೆರಳು. ಎಳೆ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ಮಾತ್ರ ಹಸಿರು ನೆರಳು ಪರದೆ ಕಟ್ಟಿ. ದೊಡ್ಡದಕ್ಕೆ ಬೇಕಿಲ್ಲ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನಳದ ನೀರು ಹೊಳೆಯದು, ಬೋರಿಗಿಂತ ಮೇಲು. ಆದರೆ ನಮ್ಮಲ್ಲಿ ಅದು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣ ಇರುವುದಿಲ್ಲ. ಪಕ್ಕದ ಮೆಡಿಕಲ್ ಅಂಗಡಿಯವರ ಎಸಿ ಕೆಳಗೆ ಒಂದು ಬಕೆಟ್ ಇಟ್ಟುಬಂದಿದ್ದೇನೆ, ಸಂಜೆಗೆ ಹೋಗಿ ತರುತ್ತೇನೆ. ಕೂಲರ್ ನೀರು ಹಾಗಲ್ಲ. ಅದರಲ್ಲಿ ನೀರು ಆರಿ ಆರಿ ಉಪ್ಪು, ಸುಣ್ಣ ಉಳಿದಿರುತ್ತದೆ. ಆರ್‌ಒ ಮಷಿನ್ ಹೊರಗೆ ಬಿಡುವ ನೀರೂ ಅಷ್ಟೇ. ಇವೆರಡನ್ನು ನೆಲ ಒರೆಸಲು ಇಟ್ಟುಕೊಳ್ಳಿ, ಗಿಡಕ್ಕೆ ಬೇಡ. ಬೋರಿನ ನೀರು ಬಿಟ್ಟು ಬೇರೆ ಗತಿ ಇಲ್ಲವಾದರೆ ದಿನಾ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ. ಉಪ್ಪು ಜೊತೆಗೆ ಇಳಿದು ಹೋಗುತ್ತದೆ. ಬೆರಳು ಒಂದು ಗೆಣ್ಣು ಮಣ್ಣಿಗೆ ಇಳಿಸಿ, ಹಸಿ ಇದ್ದರೆ ಹಾಕಬೇಡಿ.

ಬುಡಕ್ಕೆ ಹೊದಿಕೆ ಬೇಕು. ನಮ್ಮ ಕಡೆ ತೊಗರಿ ಹೊಟ್ಟಿಗೆ ಬರವಿಲ್ಲ. ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತಾಗಿದರೆ ಗೆದ್ದಲು ಏರುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: "ಗಿಡ ಹಳದಿ ಆಗ್ಯಾದ್ರಿ, ಏನ್ ಹಾಕ್ಬೇಕ್ರಿ?" ಮೊದಲು ಯಾವ ಎಲೆ ಹಳದಿ ಅಂತ ನೋಡಿ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಗೊಬ್ಬರ ಕಡಿಮೆ, ಇಲ್ಲವೇ ಬರೀ ವಯಸ್ಸು. ತುದಿಯ ಹೊಸ ಚಿಗುರು ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯ ಹಾಗೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ಅನ್ನಭೇದಿ ಬೇಕು. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿ. ಹರಳು ತಿಳಿ ಹಸಿರಾಗಿರಬೇಕು, ಕಂದಾಗಿದ್ದರೆ ಹಳಸಿದೆ. ಒಂದು ಲೀಟರ್ ಎಸಿ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಕರಗಿಸಿ, ಸೋಸಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಕಡೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಅಷ್ಟು ದಿನ ಆ ಎಲೆ ಅಡುಗೆಗೆ ಕೀಳಬೇಡಿ. ಮಧ್ಯಾಹ್ನ ಹೊಡೆದರೆ ಎಲೆ ಸುಟ್ಟು ಕಲೆ ಬೀಳುತ್ತದೆ. ಫರ್ಸಿ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ, ಕುಂಡ ಪಕ್ಕಕ್ಕೆ ಸರಿಸಿ ಹೊಡೆಯಿರಿ.

ಬುಡಕ್ಕೆ ಅನ್ನಭೇದಿ ಸುರಿಯುವವರಿದ್ದಾರೆ. ಸುಣ್ಣದ ಮಣ್ಣು ಅದನ್ನು ಕೆಲವೇ ದಿನದಲ್ಲಿ ಕಟ್ಟಿಹಾಕುತ್ತದೆ, ದುಡ್ಡು ದಂಡ. ಬುಡಕ್ಕೇ ಕೊಡಬೇಕಾದರೆ ಚಿಲೇಟೆಡ್ ಕಬ್ಬಿಣ, ಅಂದರೆ ಮಣ್ಣು ಬೇಗ ಕಟ್ಟಿಹಾಕದಂತೆ ತಯಾರಿಸಿದ ಕಬ್ಬಿಣ ತನ್ನಿ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದು ಇರಬೇಕು. ಇಡಿಟಿಎ ಎಂದಿದ್ದರೆ ನಮ್ಮ ಮಣ್ಣಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಹುಳಿ ಮಜ್ಜಿಗೆ ಹಾಕುವ ರೂಢಿ ಎಲ್ಲ ಕಡೆ ಇದೆ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿದರೆ ಒಳ್ಳೆಯದೇ, ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಬೇಡ. ಮೊಟ್ಟೆ ಸಿಪ್ಪೆ, ಒಲೆಯ ಬೂದಿ ಹಾಕಿ ಅಂತ ಮೊಬೈಲಿನಲ್ಲಿ ದಿನಾ ಒಬ್ಬರು ಹೇಳುತ್ತಾರೆ. ಮೊಟ್ಟೆ ಸಿಪ್ಪೆ ಬರೀ ಸುಣ್ಣ. ಬೂದಿಯೂ ಅದೇ ಕಡೆಗೆ ಎಳೆಯುತ್ತದೆ. ಮಲೆನಾಡಿನ ಹುಳಿ ಮಣ್ಣಿಗೆ ಅವು ಸರಿಹೋಗಬಹುದು, ಕಲಬುರಗಿಯಲ್ಲಿ ಸುಮ್ನೆ ಗಾಯದ ಮೇಲೆ ಬರೆ. ಗಾಣದ ಶೇಂಗಾ ಹಿಂಡಿ ಒಂದು ಹಿಡಿ ನೆನೆಸಿ, ಎರಡು ದಿನ ಬಿಟ್ಟು ತೆಳ್ಳಗೆ ಮಾಡಿ ಹಾಕಿ. ಮಳೆಗಾಲದಲ್ಲಿ ಅದೇ ಸಾಕು.

ಗಿಡ ಸೊಂಟದೆತ್ತರ ಬಂದಾಗ ನೆತ್ತಿ ಚಿವುಟಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ. ಇಲ್ಲದಿದ್ದರೆ ಒಂದೇ ಕೋಲು ಮೇಲೆ ಹೋಗುತ್ತದೆ. ಚಿವುಟಿದರೆ ಐದಾರು ಕವಲು ಒಡೆದು ಪೊದೆಯಾಗುತ್ತದೆ. ಕೀಳುವಾಗಲೂ ಕೆಳಗಿಂದ ಒಂದೊಂದೇ ಎಲೆ ಉದುರಿಸಿ ದಂಟು ಬೋಳು ಮಾಡಬೇಡಿ. ತುದಿಯಿಂದ ಕಡ್ಡಿ ಸಮೇತ ಮುರಿಯಿರಿ. ಮುರಿದ ಕಡೆ ಎರಡು ಚಿಗುರು ಬರುತ್ತವೆ. ಮೊದಲ ವರ್ಷ ಪೂರ್ತಿ ಕೈ ಬಿಗಿ ಹಿಡಿಯಿರಿ. ಓಣಿಯವರು "ಎರಡ ಎಸಳ ಕೊಡ್ರಿ ಯಕ್ಕಾ" ಎಂದು ಬರುವುದು ಆಗಲೇ.

ಮಳೆ ಮುಗಿಯುವ ಹೊತ್ತಿಗೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಏನೋ ಕಂಡರೆ ಮುಟ್ಟಿ ನೋಡಿ. ಅದು ಅಲುಗಾಡಿದರೆ ನಿಂಬೆ ಚಿಟ್ಟೆಯ ಮರಿಹುಳ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಕೆಣಕಿದರೆ ತಲೆಯಿಂದ ಕವಲೊಡೆದ ಕೊಂಬು ಹೊರಹಾಕಿ ನಾತ ಬಿಡುತ್ತದೆ. ಎರಡು ಹುಳ ಒಂದು ಎಳೆ ಗಿಡವನ್ನು ಬೋಳಿಸಬಲ್ಲವು. ಕೈಯಿಂದ ತೆಗೆದರೆ ಸಾಕು, ಔಷಧ ಬೇಡ, ತಿನ್ನುವ ಎಲೆ ಅಲ್ವಾ. ಚಿಗುರು ಮುದುಡಿ, ಅದರ ಮೇಲೆ ಸಣ್ಣ ಕಂದು ಹುಳ ಹಿಂಭಾಗ ಎತ್ತಿಕೊಂಡು ಕೂತಿದ್ದರೆ ಅದು ಸಿಲ್ಲಿಡ್, ರಸ ಹೀರುವ ಹುಳ. ಆ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಹೊಡೆಯಿರಿ.

ಎಳ್ಳ ಅಮಾವಾಸ್ಯೆ ಹೊತ್ತಿಗೆ ಗಿಡ ಮಂಕಾಗುತ್ತದೆ. ರಾತ್ರಿ ಚಳಿ 13 ಡಿಗ್ರಿಗಿಂತ ಕೆಳಗೆ ಇಳಿದರೆ ಚಿಗುರು ನಿಲ್ಲುತ್ತದೆ, ಬೀದರ್ ಕಡೆ ಇದು ಇನ್ನೂ ಜಾಸ್ತಿ. ಹೆದರಿ ಗೊಬ್ಬರ ಸುರಿಯಬೇಡಿ, ನೀರೂ ಕಡಿಮೆ ಮಾಡಿ. ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಒಣ ಕಡ್ಡಿ, ಸಿಕ್ಕು ಕಡ್ಡಿ ಕತ್ತರಿಸಿ.

ಇನ್ನೊಂದು ಗಿಡ ಬೇಕಾದರೆ ಎರಡು ದಾರಿ. ಹಣ್ಣು ಕಪ್ಪಗಾದ ಕೂಡಲೇ ತಿರುಳು ತೊಳೆದು, ಒಣಗಿಸದೆ ಬೀಜ ಊರಿ. ಇಟ್ಟರೆ ಬೀಜ ಸಾಯುತ್ತದೆ. ಮೂರು ನಾಲ್ಕು ವಾರದಲ್ಲಿ ಮೊಳಕೆ ಬರುತ್ತದೆ. ಬೀಜವನ್ನು ಮಕ್ಕಳು ಅಗಿಯದಂತೆ ನೋಡಿಕೊಳ್ಳಿ, ತಿನ್ನುವಂಥದ್ದಲ್ಲ. ಬೇರಿನಿಂದ ಏಳುವ ಮರಿಗಳು ಇನ್ನೂ ಬೇಗ. ಮಳೆಗಾಲದಲ್ಲಿ ಒಂದು ಗೇಣು ಎತ್ತರದ ಮರಿ ಹಿಡಿದು, ತಾಯಿ ಬೇರಿನ ಕಡೆ ಚಾಕುವಿನಿಂದ ಕತ್ತರಿಸಿ ಹಾಗೇ ಬಿಡಿ. ಎರಡು ವಾರದ ಮೇಲೆ ಮಣ್ಣಿನ ಹೆಂಟೆ ಸಮೇತ ಎತ್ತಿ ಕುಂಡಕ್ಕೆ ಹಾಕಿ, ಹೊಸ ಚಿಗುರು ಬರುವವರೆಗೆ ನೆರಳಲ್ಲಿಡಿ. ಕೇಳುವವರಿಗೆ ಎಲೆಯ ಬದಲು ಈ ಮರಿಯನ್ನೇ ಕೊಟ್ಟು ಕಳಿಸುತ್ತೇನೆ, ಜೊತೆಗೆ ಕೂಲರ್ ನೀರು ಹಾಕಬೇಡಿ ಅಂತಲೂ ಹೇಳುತ್ತೇನೆ.