ನೆಟ್ ಇದೆ, ಸೈಟ್ ಓಪನ್ ಆಗಲ್ಲ: ವಿಂಡೋಸ್ 11ರಲ್ಲಿ ಡಿಎನ್ಎಸ್ ಸರಿಯಾಗಿದ್ದು ಹೀಗೆ

ಕಂಪ್ಯೂಟರಿಂದ 8.8.8.8ಗೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿದ್ರೆ ರಿಪ್ಲೈ ಬರ್ತಿತ್ತು, ಆದ್ರೆ ಹೆಸರು ಹಾಕಿದ್ರೆ ಯಾವ ಸೈಟೂ ಓಪನ್ ಆಗ್ತಿರ್ಲಿಲ್ಲ, ಅದೇ ವೈಫೈಲಿ ಫೋನ್ ಸರಿಯಾಗೇ ಇತ್ತು. ಅಂದ್ರೆ ತೊಂದರೆ ಇದ್ದಿದ್ದು ಡಿಎನ್ಎಸ್‌ನಲ್ಲಿ, ಸೈಟ್ ಹೆಸರಿಗೆ ಅದರ ಐಪಿ ಅಡ್ರೆಸ್ ಹುಡುಕಿ ಕೊಡೋ ವ್ಯವಸ್ಥೆಲಿ. ರೂಟರ್ ರೀಸ್ಟಾರ್ಟ್, ಬ್ರೌಸರ್ ಕ್ಯಾಶೆ ಕ್ಲಿಯರ್, ಐಪಿವಿ4ರ ಡಿಎನ್ಎಸ್ ಸರ್ವರ್ ಆಗಿ 1.1.1.1 ಹಾಕೋದು, ಯಾವ್ದೂ ಕೆಲಸಕ್ಕೆ ಬರ್ಲಿಲ್ಲ.

ಸುಳಿವು ಸಿಕ್ಕಿದ್ದು ಕಮಾಂಡ್ ಪ್ರಾಂಪ್ಟಲ್ಲಿ ಕೊಡೋ ಎನ್ಎಸ್‌ಲುಕಪ್ (nslookup) ಕಮಾಂಡ್‌ನಲ್ಲಿ. ರನ್ ಮಾಡಿದ ತಕ್ಷಣ ಯಾವ ಸರ್ವರ್‌ನ ಕೇಳ್ತಿದೆ ಅಂತ ತೋರಿಸುತ್ತೆ (ಎಲ್ರೂ ಮೊದ್ಲು ನೋಡ್ಬೇಕಾದ್ದು ಇದನ್ನೇ), ಅಲ್ಲಿದ್ದದ್ದು ಹಳೇ ವಿಪಿಎನ್ ಬಿಟ್ಟುಹೋಗಿದ್ದ ಐಪಿವಿ6 ಡಿಎನ್ಎಸ್ ಅಡ್ರೆಸ್. ಐಪಿವಿ4ರಲ್ಲಿ ಬದಲಾಯಿಸಿದ್ದು ಅದಕ್ಕೇ ಕೆಲಸಕ್ಕೆ ಬಂದಿರ್ಲಿಲ್ಲ.

ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ವೈಫೈ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 6 ಸೆಲೆಕ್ಟ್ ಮಾಡಿ ಮತ್ತೆ ಪ್ರಾಪರ್ಟೀಸ್, ಅಲ್ಲಿ ಡಿಎನ್ಎಸ್ ಅಡ್ರೆಸ್ ಆಟೋಮ್ಯಾಟಿಕ್ ಆಗಿ ತಗೊಳ್ಳೋ ಆಪ್ಷನ್ ಆರಿಸಿ ಓಕೆ ಕೊಡಿ. ಐಪಿವಿ6 ಪೂರ್ತಿ ಆಫ್ ಮಾಡೋದು ಬೇಡ. ಇದಾದ್ಮೇಲೇ ಕಮಾಂಡ್ ಪ್ರಾಂಪ್ಟಲ್ಲಿ ipconfig /flushdns ಕೊಡಿ (ಸೇವ್ ಆಗಿರೋ ಹಳೇ ಡಿಎನ್ಎಸ್ ಉತ್ತರಗಳನ್ನ ಅಳಿಸೋ ಕಮಾಂಡ್), ಹಳೇ ಅಡ್ರೆಸ್ ಇರೋವಾಗ ಅದನ್ನ ಎಷ್ಟು ಸಲ ಕೊಟ್ರೂ ಉಪಯೋಗ ಇಲ್ಲ.