ವಾರಕ್ಕೆ ಐದು ಮಾತ್ರೆ, ಅವಳಿಗೆ ಒಂದೇ

ನಾನು ಮಕ್ಕಳ ರಕ್ತಕ್ಯಾನ್ಸರ್ ನೋಡುವ ಡಾಕ್ಟರು. ದಿನದ ಅರ್ಧ ಹೊತ್ತು ಒಂದು ತಿಳಿ ಹಳದಿ ಮಾತ್ರೆಯ ಲೆಕ್ಕದಲ್ಲೇ ಹೋಗುತ್ತದೆ. ಹೆಸರು ಮರ್ಕ್ಯಾಪ್ಟೊಪ್ಯೂರಿನ್. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ 6-ಎಂಪಿ.

ಡಿಎನ್‌ಎ ಕಟ್ಟಲು ಬೇಕಾಗುವ ಜಾತಿಯ ಅಣುಗಳಿಗೆ ಪ್ಯೂರಿನ್ ಅಂತ ಹೆಸರು. ಹೈಪೊಕ್ಸಾಂಥಿನ್ ಎಂಬ ಪ್ಯೂರಿನ್‌ನ ಆರನೇ ಜಾಗದಲ್ಲಿ ಆಮ್ಲಜನಕದ ಬದಲು ಗಂಧಕ ಕೂರಿಸಿದರೆ ಇದು. ಕ್ಯಾನ್ಸರ್ ಕೋಶ ಇದನ್ನು ತನ್ನದೇ ಸಾಮಾನು ಅಂದುಕೊಂಡು ಡಿಎನ್‌ಎಗೆ ಸೇರಿಸಿಕೊಂಡು ಕೆಡುತ್ತದೆ. ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಮಾಡಿದ ಔಷಧಿ, 1953ರಲ್ಲೇ ಅಲ್ಲಿ ಅನುಮತಿ ಸಿಕ್ಕಿತು. ಕಿಡ್ನಿ ಕಸಿಯಾದವರು ನುಂಗುವ ಅಜಾಥಯೋಪ್ರಿನ್ ಕೂಡ ಮೈಯೊಳಗೆ 6-ಎಂಪಿಯೇ ಆಗುತ್ತದೆ.

ತೊಂದರೆ ಏನಂದರೆ, ಒಳ್ಳೆಯ ರಕ್ತಕಣ ಹುಟ್ಟಿಸುವ ಕೋಶಗಳೂ ಇದಕ್ಕೆ ಮೋಸ ಹೋಗುತ್ತವೆ. ಹಾಗಾಗಿ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ನೋಡಿಕೊಂಡೇ ಡೋಸ್.

ಆರು ವರ್ಷದ ಒಬ್ಬಳಿಗೆ ಮೇಂಟೆನೆನ್ಸ್, ಅಂದರೆ ಕಾಯಿಲೆ ಮರಳದಂತೆ ಬಹುಕಾಲ ಕೊಡುವ ಮಾತ್ರೆಗಳ ಹಂತ, ಶುರು ಮಾಡಿದ್ದೆ. ಮೈ ಅಳತೆಗೆ ದಿನಕ್ಕೆ 35 ಮಿಲಿಗ್ರಾಂ. ಮಾತ್ರೆ ಇರುವುದು 50ರದ್ದು. ಮೂರು ದಿನ ಒಂದು, ನಾಲ್ಕು ದಿನ ಅರ್ಧ, ವಾರಕ್ಕೆ ಐದು ಮಾತ್ರೆ ಅಂತ ಕ್ಯಾಲೆಂಡರಿನಲ್ಲಿ ಗುಂಡು, ಅರ್ಧ ಗುಂಡು ಬರೆದುಕೊಟ್ಟೆ. ಜೊತೆಗೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಗೆ ಭಾನುವಾರ ಕೆಂಪು ಗುರುತು. ಅದೂ ಹಳದಿ ಮಾತ್ರೆಯೇ. ದಿನಾ ಕೊಟ್ಟುಬಿಟ್ಟರೆ ಜೀವಕ್ಕೇ ಅಪಾಯ.

ಮೂರನೇ ವಾರ ಜ್ವರ, ಬಾಯಿ ತುಂಬ ಹುಣ್ಣು. ಕೌಂಟ್ ನೆಲ ಕಚ್ಚಿತ್ತು. ನನ್ನ ಮೊದಲ ಅನುಮಾನ ತಾಯಿಯ ಮೇಲೆ.

'ಅಮ್ಮಾ, ದಿನಾ ಎಷ್ಟು ಕೊಡ್ತಿದ್ದೀರಿ?'

'ನೀವು ಬರ್ದಷ್ಟೇ ಡಾಕ್ಟ್ರೇ' ಅಂತ ಸ್ಟ್ರಿಪ್ ಮುಂದಿಟ್ಟರು. ಎಣಿಸಿದೆ. ಒಂದು ಅರ್ಧ ಚೂರೂ ಹೆಚ್ಚುಕಮ್ಮಿ ಇರಲಿಲ್ಲ. ಕೇಳಿದ ದನಿಗೆ ಈಗಲೂ ನಾಚಿಕೆಯಾಗುತ್ತದೆ.

6-ಎಂಪಿ ನಿಲ್ಲಿಸಿ ಜೀನ್ ಪರೀಕ್ಷೆಗೆ ಕಳಿಸಿದೆ. ಈ ಔಷಧಿಯ ಬಿಸಿ ತಗ್ಗಿಸುವ ಎರಡು ಕಿಣ್ವ ಮುಖ್ಯ: ಟಿಪಿಎಂಟಿ, ಎನ್‌ಯುಡಿಟಿ15. ಎರಡನೆಯದರ ಕೊರತೆ ಯುರೋಪಿನವರಿಗಿಂತ ನಮ್ಮ ಏಷ್ಯಾದವರಲ್ಲಿ ಜಾಸ್ತಿ. ಇವಳಿಗೆ ಆ ಎನ್‌ಯುಡಿಟಿ15 ಜೀನಿನಲ್ಲಿ ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಎರಡೂ ಕೆಟ್ಟ ಪ್ರತಿಯೇ.

ಕೌಂಟ್ ಏರಿದ ಮೇಲೆ ಮತ್ತೆ ಶುರು ಮಾಡಿದೆ, ದಿನಕ್ಕೆ ಸರಾಸರಿ ಏಳೇ ಮಿಲಿಗ್ರಾಂ. ಅಂದರೆ ವಾರಕ್ಕೆಲ್ಲ ಸೇರಿ ಒಂದು ಮಾತ್ರೆ! ಅವಳ ಮೈಗೆ ಅಷ್ಟೇ ಪೂರ್ತಿ ಡೋಸ್. ಈಗ ಯಾವ ಮಗುವಿಗೂ ಮೊದಲ ಮಾತ್ರೆ ಬರೆಯುವ ಮುಂಚೆಯೇ ಆ ಪರೀಕ್ಷೆ ಮಾಡಿಸುತ್ತೇನೆ.

ಹೊಸ ಕ್ಯಾಲೆಂಡರನ್ನು ಆ ತಾಯಿಯೇ ಬರೆದು ತಂದರು. ವಾರದಲ್ಲಿ ನಾಲ್ಕು ದಿನ ಕಾಲು ಗುಂಡು, ಭಾನುವಾರ ಕೆಂಪು.