ಮೊದಲು ಒಳಗಿನ ಮನೆ ತೂಗಿದೆ, ಆಮೇಲೆ ಗಾಡಿ ಹುಡುಕಿದೆ

ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ, ಕಟ್ಟಿಸಬೇಕು ಅಂದವರು ನನ್ನನ್ನು ಮೊದಲು ಕೇಳುವುದು ಎಚ್‌ಪಿ ಎಷ್ಟು, ಮೈಲೇಜ್ ಎಷ್ಟು ಅಂತ. ಗಾಡಿ ಆರಿಸುವಾಗ ನಾನು ಅವೆರಡನ್ನೂ ಕೊನೆಗೆ ಇಟ್ಟುಕೊಂಡಿದ್ದೆ. ಮೊದಲು ಕಾಗದದ ಮೇಲೆ ಒಳಗಿನ ಮನೆ ಬರೆದೆ. ಒಂದೊಂದು ಸಾಮಾನಿನ ಪಕ್ಕದಲ್ಲೂ ತೂಕ ಬರೆದೆ. ಅಷ್ಟು ಹೊರುವ ಗಾಡಿ ಯಾವುದು ಅಂತ ಆಮೇಲೆ ನೋಡಿದೆ.

ತೂಕ ಬೇಗ ಏರುತ್ತದೆ. ನೂರು ಲೀಟರ್ ನೀರು ಅಂದರೆ ನೂರು ಕೆಜಿ. 18 ಎಂಎಂ ದಪ್ಪದ ಎಂಟಡಿ ನಾಲ್ಕಡಿಯ ಪ್ಲೈವುಡ್ ಶೀಟು ಒಂದೇ ಮೂವತ್ತು ಕೆಜಿ ದಾಟುತ್ತದೆ. ಹಾಗಾಗಿ ಮಂಚದ ಚೌಕಟ್ಟಿಗೆ ಮಾತ್ರ 18 ಎಂಎಂ, ಕಪಾಟುಗಳಿಗೆಲ್ಲ 12 ಎಂಎಂ ಅಂತ ಅಲ್ಲೇ ತೀರ್ಮಾನಿಸಿದೆ. ಮನೆಯ ಯುಪಿಎಸ್‌ಗೆ ಹಾಕುವ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿ ಐವತ್ತು ಕೆಜಿ ಮೇಲೆಯೇ ತೂಗುತ್ತದೆ. 100 ಎಎಚ್ ಲಿಥಿಯಂ ಬ್ಯಾಟರಿ ಹನ್ನೆರಡು ಕೆಜಿ ಆಸುಪಾಸು. ತುಂಬಿದ 14.2 ಕೆಜಿ ಸಿಲಿಂಡರ್ ಮೂವತ್ತು ಕೆಜಿ ಆಗುವುದರಿಂದ 5 ಕೆಜಿಯದಕ್ಕೆ ಇಳಿದೆ. ನಾವು ನಾಲ್ಕು ಜನ, ಹಾಸಿಗೆ, ಪಾತ್ರೆ, ಸೋಲಾರ್ ಪ್ಯಾನೆಲ್ ಎಲ್ಲ ಸೇರಿ ಲೆಕ್ಕ 950 ಕೆಜಿ ಹತ್ತಿರ ಬಂತು. ಅಷ್ಟು ಹೊರಲಾರದ ಮಾರುತಿ ಈಕೋ ಇಲ್ಲೇ ಪಟ್ಟಿಯಿಂದ ಬಿತ್ತು. ಇಬ್ಬರೇ ಮಲಗಿ ಎದ್ದು ಹೋಗುವುದಾದರೆ ಅದು ಒಳ್ಳೆಯ ಗಾಡಿಯೇ.

ಉಳಿದವು ಟಾಟಾ ವಿಂಗರ್, ಫೋರ್ಸ್ ಟ್ರಾವೆಲರ್. 2022ರಲ್ಲಿ ಬಂದ ಫೋರ್ಸ್‌ನದೇ ಅರ್ಬೇನಿಯಾ ವ್ಯಾನು ನನಗೆ ತುಂಬ ಇಷ್ಟವಾಗಿತ್ತು, ಬೆಲೆ ಕೈಗೆಟುಕಲಿಲ್ಲ.

ವಿಂಗರ್‌ಗೆ ಎಂಜಿನ್ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಕೆಳಗೆ ಇಲ್ಲ, ನೆಲ ತಗ್ಗಾಗಿದೆ, ವಯಸ್ಸಾದವರು ಸಲೀಸಾಗಿ ಹತ್ತುತ್ತಾರೆ, ಕುಲುಕಾಟವೂ ಕಡಿಮೆ. ಆದರೆ ನನ್ನ ನಕ್ಷೆಯಲ್ಲಿ ಅಡುಗೆಕಟ್ಟೆ, ಬ್ಯಾಟರಿ, ಸಾಮಾನು ಎಲ್ಲ ಹಿಂದೆ ಇದ್ದವು. ಹಿಂದಿನ ಆಕ್ಸಲ್‌ನ (ಎರಡು ಚಕ್ರ ಸೇರಿಸುವ ಅಚ್ಚಿನ) ಆಚೆ ಭಾರ ಕೂತಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಹತ್ತುವಾಗ ಎಳೆಯಬೇಕಾದ ಚಕ್ರವೇ ಹಿಡಿತ ಬಿಡುವುದು ನನಗೆ ಬೇಡವಾಗಿತ್ತು. ಟ್ರಾವೆಲರ್‌ನಲ್ಲಿ ತಳ್ಳುವುದು ಹಿಂದಿನ ಚಕ್ರ. ಹಿಂದೆ ಕೂತ ಭಾರ ಅಲ್ಲಿ ಹಿಡಿತಕ್ಕೆ ನೆರವಾಗುತ್ತದೆ. ಮರ್ಸಿಡಿಸ್‌ನ ಟಿ1 ವ್ಯಾನಿನ ಆಧಾರದ ಮೇಲೆ 1987ರಲ್ಲಿ ಬಂದ ಗಾಡಿ ಅದು. ಅಂದಿನಿಂದ ಮ್ಯಾಕ್ಸಿಕ್ಯಾಬ್, ಆಂಬುಲೆನ್ಸ್, ಶಾಲಾ ವಾಹನವಾಗಿ ಓಡುತ್ತಲೇ ಇದೆ. ಕೊಪ್ಪದಲ್ಲಿ ಕೆಟ್ಟು ನಿಂತರೂ ಅದರ ಕೆಳಗೆ ಮಲಗಿ ರಿಪೇರಿ ಮಾಡಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ದೂರ ಹೋಗುವವನಿಗೆ ಇದು ದೊಡ್ಡ ಧೈರ್ಯ.

ಟ್ರಾವೆಲರ್ ಅಂತ ಆದಮೇಲೂ ಯಾವ ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) ಅನ್ನುವ ಪ್ರಶ್ನೆ ಉಳಿಯಿತು. 3050, 3350, 3700, 4020 ಎಂಎಂ ಹೀಗೆ ಬೇರೆ ಬೇರೆ ಉದ್ದ ಇವೆ. ಶೌಚಾಲಯಕ್ಕೆ ಜಾಗ ಬೇಕು ಅಂತ ಮನೆಯವರೆಲ್ಲ 4020ರ ಕಡೆ ಇದ್ದರು. ಮೈಸೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಳೆಯ ಡ್ರೈವರ್ ಒಬ್ಬರನ್ನು ಕೇಳಿದೆ. "ಉದ್ದ ತಗೋಬೇಡಿ ಸಾರ್. ಘಾಟಿ ತಿರುವಲ್ಲಿ ಒಂದೇ ಸಲಕ್ಕೆ ತಿರುಗಲ್ಲ, ರಿವರ್ಸ್ ತಗೊಂಡು ತಿರುಗಿಸಬೇಕಾಗುತ್ತೆ. ಹಿಂದಿನ ಬಾಡಿ ಉದ್ದ ಇದ್ರೆ ಏರುಪೇರಿರೋ ಕಡೆ ನೆಲಕ್ಕೂ ತಾಗುತ್ತೆ" ಅಂದರು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ನೆನಪಿಸಿಕೊಂಡು 3350 ತೆಗೆದುಕೊಂಡೆ. ಶೌಚಾಲಯದ ಬದಲು ಮಂಚದ ಕೆಳಗೆ ಕೂರುವ ಪೋರ್ಟಬಲ್ ಕಮೋಡ್ ಬಂತು.

ಷೋರೂಮಿಗೆ ಹೋಗುವಾಗ ಟೇಪು ಹಿಡಿದುಕೊಂಡೇ ಹೋಗಿ. ಗೋಡೆಗೆ ಶಾಖ ತಡೆಯುವ ಪದರ, ಅದರ ಮೇಲೆ ಪ್ಲೈ ಕೂತರೆ ಎರಡು ಕಡೆಯಿಂದಲೂ ಒಂದೊಂದು ಇಂಚು ಹೋಗುತ್ತದೆ. ಅಡ್ಡ ಮಲಗಲು ಆಗುತ್ತದೋ ಇಲ್ಲವೋ ಅಂತ ಹೇಳುವುದು ಆ ಇಂಚುಗಳೇ. ಛಾವಣಿಯನ್ನು ಗಟ್ಟಿಯಾಗಿ ಹಿಡಿಯುವ ಅಡ್ಡಪಟ್ಟಿಗಳು, ಅಂದರೆ ರಿಬ್‌ಗಳು, ಎಲ್ಲೆಲ್ಲಿ ಹಾದಿವೆ ಅಂತಲೂ ಗುರುತು ಮಾಡಿಕೊಳ್ಳಿ. ಗಾಳಿಕಿಂಡಿಯನ್ನು ಎರಡು ರಿಬ್‌ಗಳ ನಡುವೆಯೇ ಕೂರಿಸಬೇಕು, ರಿಬ್ ಕತ್ತರಿಸಬಾರದು.

ಕಾಗದಪತ್ರದ ಮಾತು. ಹಳೆಯ ಯೆಲ್ಲೋ ಬೋರ್ಡ್ ಗಾಡಿಯ ಸೀಟು ಕಿತ್ತು ಮಂಚ ಹಾಕುವುದು ಅಗ್ಗ, ನಿಜ. ಆದರೆ ಆರ್‌ಸಿಯಲ್ಲಿರುವುದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಹೇಳಿದೆ. ಇಂಥ ಮನೆ-ಗಾಡಿಗಳಿಗೆ, ಅಂದರೆ ಕಾರವಾನ್‌ಗಳಿಗೆಂದೇ ಎಐಎಸ್-124 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಅನುಮೋದನೆ ಪಡೆದ ಬಾಡಿ ಬಿಲ್ಡರ್ ಕೈಯಲ್ಲೇ ಕೆಲಸ ಮಾಡಿಸಿದೆ. ಅಡ್ವಾನ್ಸ್ ಕೊಡುವ ಮೊದಲೇ ಅವರ ಪ್ರಮಾಣಪತ್ರದ ಪ್ರತಿ ಹಿಡಿದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದ್ದೆ.

ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿ, ನಾಲ್ಕೂ ಜನ ಕೂತು ವೇಬ್ರಿಡ್ಜಿಗೆ ಹೋದೆವು. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರ ಮಾತ್ರ ತೂಕದ ಹಲಗೆಯ ಮೇಲೆ; ಕಳೆದರೆ ಹಿಂದಿನ ಆಕ್ಸಲ್ ಭಾರ ಸಿಗುತ್ತದೆ. ಆರ್‌ಸಿಯ ಗರಿಷ್ಠ ತೂಕಕ್ಕೆ ಇನ್ನೂ ಆರಾಮಾಗಿ ಜಾಗ ಉಳಿದಿತ್ತು, ಹಿಂದಿನ ಆಕ್ಸಲ್ಲೂ ಮಿತಿಯೊಳಗೇ ಇತ್ತು. ನೀರಿನ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ಕೂರಿಸಿದ್ದರಿಂದ ಅದು ಖಾಲಿಯಾದಾಗಲೂ ಸ್ಟೀರಿಂಗ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.